ಭಾವನ ದಪ್ಪ ಅಕ್ಷರ

ನಮ್ಮ ಭಾವನನ್ನು ಕಾರ್ಖಾನೆಯಲ್ಲಿ ಎಲ್ಲರೂ ಗೆರೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಾಗಂತ ಅವರು ಯಾರಿಗೂ ಪಾಠ ಹೇಳಿದವರಲ್ಲ. ಅಂಗಡಿ, ಆಸ್ಪತ್ರೆ, ಬಸ್ ನಿಲ್ದಾಣಗಳಿಗೆ ಬೋರ್ಡು ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಅಕ್ಷರ ಬರೆದವರು. ಬರೆಯುವುದೆಂದರೆ ಸುದ್ದಿ ಸಮಾಚಾರ ಬರೆಯುವುದಲ್ಲ. ಎಂಟು ಎಂಟರ ಹಾಗೆಯೇ ಕಾಣಬೇಕಾದರೆ ಅದರ ಹೊಟ್ಟೆ ಎಷ್ಟಿರಬೇಕು, ಸೊಂಟ ಎಲ್ಲಿರಬೇಕು ಎಂದು ಸ್ಕೇಲು, ಕೈವಾರ ಹಿಡಿದು ಆಕಾರ ಕೊಡುವುದು. ಯಾರದೇ ಮನೆಗೆ ಹೋಗಲಿ, ಗೋಡೆಯ ಮೇಲಿನ ಫೋಟೋ ಕೂದಲೆಳೆಯಷ್ಟು ವಾಲಿದ್ದರೂ ಮಾತಿನ ನಡುವೆ ಎದ್ದು ಹೋಗಿ ನೆಟ್ಟಗೆ ಮಾಡಿ ಬಂದು ಕೂರುತ್ತಿದ್ದರು. ಆ ಮನೆಯವರು ನನ್ನ ಮುಖ ನೋಡುತ್ತಿದ್ದರು, ನಾನು ಚಾವಣಿ ನೋಡುತ್ತಿದ್ದೆ.

ನಾನು ಅವರ ನಾದಿನಿ, ಅಂದರೆ ಅವರ ಹೆಂಡತಿಯ ತಂಗಿ. ಮದುವೆಯ ಗೋಜಿಗೆ ಹೋಗದೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಠಿಕಾಣಿ ಹೂಡಿದವಳು. ಬಸ್ ನಿಲ್ದಾಣದ ವಿಚಾರಣಾ ಕೌಂಟರಿನಲ್ಲಿ ಗುಮಾಸ್ತೆಯಾಗಿದ್ದೆ. ನನ್ನ ಬಾಯಿ ಜೋರು ಎಂಬುದು ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಗೊತ್ತಿತ್ತು. ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತೆ ಎಂದು ದಿನಕ್ಕೆ ನೂರು ಜನ ಕೇಳಿದರೆ ನೂರು ಜನಕ್ಕೂ ನನ್ನ ಉತ್ತರ ಒಂದೇ: "ಅಲ್ಲೇ ಬೋರ್ಡಲ್ಲಿ ಹಾಕಿದೆಯಲ್ಲ, ಕಣ್ಣಿಲ್ವಾ ನಿಮಗೆ?" ಇಪ್ಪತ್ತು ವರ್ಷ ಈ ಮಾತು ಆಡಿದ್ದೇನೆ. ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಕಣ್ಣು ಅಂದರೆ ನಮ್ಮ ಅಕ್ಕನದು. ದರ್ಜಿ ಅಂಗಡಿಯವರು ಅಂಗಿಗಳ ಕಟ್ಟು ತಂದು ಹಾಕಿದರೆ ಮನೆಯಲ್ಲೇ ಕೂತು ಕಾಜಾ ಹಾಕಿ ಕೊಡುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ನಾವೆಲ್ಲ ಬೆಳಕಿಗೆ ಹಿಡಿದು ಒದ್ದಾಡುತ್ತಿದ್ದರೆ ಅವಳು ಕಿಟಕಿಯಾಚೆ ಯಾರನ್ನೋ ಮಾತಾಡಿಸುತ್ತಲೇ ಪೋಣಿಸಿರುತ್ತಿದ್ದಳು. ಭಾವ ಹುಡುಗಿ ನೋಡಲು ಮೊದಲ ಸಲ ನಮ್ಮ ಮನೆಗೆ ಬಂದಾಗ ಬೇರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಎದುರು ಗೋಡೆಯ ಕ್ಯಾಲೆಂಡರ್ ತೋರಿಸಿ, "ಅದರ ಕೆಳಗೆ ಸಣ್ಣದಾಗಿ ಏನೋ ಅಚ್ಚಾಗಿದೆ. ಅಲ್ಲಿಂದಲೇ ಓದೋಕಾಗುತ್ತಾ?" ಎಂದರು. ಅಕ್ಕ ಕೂತಲ್ಲಿಂದಲೇ ಮುದ್ರಣಾಲಯದ ಹೆಸರು, ವಿಳಾಸ, ಫೋನ್ ನಂಬರು ಎಲ್ಲವನ್ನೂ ಓದಿ, "ಕೊನೇ ಅಂಕಿ ಮೂರೋ ಎಂಟೋ ಗೊತ್ತಾಗಲ್ಲ. ಮಸಿ ತುಂಬಿಕೊಂಡಿದೆ, ಅದು ಅಚ್ಚಿನವರ ತಪ್ಪು" ಎಂದಳು. ಭಾವ ಎದ್ದು ಹತ್ತಿರ ಹೋಗಿ ನೋಡಿ ಬಂದು, "ಹೌದು, ಅಚ್ಚಿನವರ ತಪ್ಪೇ" ಎಂದರು. ಮದುವೆ ನಿಶ್ಚಯವಾದದ್ದು ಆ ಎಂಟರಿಂದಲೇ ಎಂದು ಅಮ್ಮ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದಳು.

ಅಲ್ಲಿಂದ ಮುಂದೆ ಭಾವ ಬರೆದ ಒಂದೇ ಒಂದು ಅಕ್ಷರವೂ ಅಕ್ಕನ ಕಣ್ಣಿಗೆ ಬೀಳದೆ ಕಾರ್ಖಾನೆಗೆ ಹೋಗಲಿಲ್ಲ. ಮನೆಯಲ್ಲಿ ಒಂದು ಉದ್ದನೆಯ ಪಡಸಾಲೆಯಿತ್ತು, ಇಪ್ಪತ್ತೆರಡು ಹೆಜ್ಜೆ. ಆ ತುದಿಯ ಗೋಡೆಯ ಮೊಳೆಗಳಿಗೆ ನಾನು ಅಕ್ಷರದ ರಟ್ಟುಗಳನ್ನು ಸಾಲಾಗಿ ತಗುಲಿಸಬೇಕು, ಈ ತುದಿಯಲ್ಲಿ ನಿಂತು ಅಕ್ಕ ಓದಬೇಕು, ಭಾವ ಸ್ಟೂಲಿನ ಮೇಲೆ ಕೂತು ಅಕ್ಕನ ಮುಖವನ್ನೇ ನೋಡುತ್ತಿರಬೇಕು. ಅವಳು ತಡವರಿಸದೆ ಓದಿದರೆ ಪಾಸು. ಹುಬ್ಬು ಸ್ವಲ್ಪ ಗಂಟಾದರೂ ಫೇಲು, ಮತ್ತೆ ಬರೆಯಬೇಕು. "ನನ್ನದೇನಿದೆ, ಬರೀ ಕೈ. ಕಣ್ಣು ನಿಮ್ಮಕ್ಕನದು" ಎನ್ನುತ್ತಿದ್ದರು ಭಾವ. ಅದನ್ನು ಕೇಳಿದಾಗಲೆಲ್ಲ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ. ಇಬ್ಬರೂ ಸೇರಿ ಮಾಡಿದ್ದು ಎಂದು ಅವಳು ಬೆರಳಿಟ್ಟು ತೋರಿಸಬಹುದಾಗಿದ್ದದ್ದು ಊರ ತುಂಬ ಇದ್ದ ಆ ಬೋರ್ಡುಗಳನ್ನೇ.

ಹೀಗಿರುವಾಗ ನಮ್ಮ ಬಸ್ ನಿಲ್ದಾಣಕ್ಕೆ ತಿರುಗುವ ಬೋರ್ಡು ಹಾಕಿಸುವುದೆಂದಾಯಿತು. ಅದರ ಅಕ್ಷರಗಳನ್ನು ಹೊಸದಾಗಿ ಬರೆಯುವ ಕೆಲಸ ಭಾವನ ಪಾಲಿಗೆ ಬಂತು. ತಿರುಗುವ ಬೋರ್ಡು ನೋಡದವರಿಗೆ ಹೇಳುತ್ತೇನೆ. ಒಂದೊಂದು ಅಕ್ಷರಕ್ಕೂ ಅಂಗೈಯಗಲದ ಒಂದು ಗೂಡು. ಗೂಡಿನೊಳಗೆ ಒಂದು ಚಕ್ರ, ಚಕ್ರದ ಸುತ್ತ ತೆಳ್ಳನೆಯ ಕಪ್ಪು ತಗಡಿನ ಹಾಳೆಗಳು. ಅಕ್ಷರದ ಮೇಲಿನ ಅರ್ಧ ಒಂದು ಹಾಳೆಯ ಮೇಲೆ, ಕೆಳಗಿನ ಅರ್ಧ ಇನ್ನೊಂದರ ಮೇಲೆ. ಬಸ್ಸು ಹೊರಟಿತೆಂದರೆ ಹಾಳೆಗಳು ಪಟಪಟನೆ ಮಗುಚಿಕೊಂಡು ಮುಂದಿನ ಬಸ್ಸಿನ ನಂಬರು, ಹೊತ್ತು, ನಿಲ್ಲುವ ಜಾಗ ಬಂದು ನಿಲ್ಲುತ್ತದೆ.

ಗೂಡುಗಳೆಲ್ಲ ಒಂದೇ ಅಗಲ. ಹಾಗಾಗಿ ಅಕ್ಷರಗಳೂ ಎಲ್ಲ ಒಂದೇ ಅಗಲ ಇರಬೇಕು, ತಕರಾರು ಶುರುವಾದದ್ದೇ ಅಲ್ಲಿ. ಇಂಗ್ಲಿಷ್ ಅಕ್ಷರಗಳಲ್ಲಿ ಐ ಎಂಬುದು ಕಡ್ಡಿ ಪೈಲ್ವಾನ, ಡಬ್ಲ್ಯು ಎಂಬುದು ದಡೂತಿ ಆಸಾಮಿ. ಇಬ್ಬರಿಗೂ ಒಂದೇ ಅಳತೆಯ ಕೋಣೆ ಕೊಟ್ಟರೆ ಒಬ್ಬನಿಗೆ ಬಣಬಣ, ಇನ್ನೊಬ್ಬನಿಗೆ ಉಸಿರುಗಟ್ಟು. "ಕಡ್ಡಿಗೆ ಸ್ವಲ್ಪ ಚಿಕ್ಕ ಗೂಡು ಮಾಡಿಸಿ ಭಾವ, ಯಾರಪ್ಪನ ಗಂಟು ಹೋಗುತ್ತೆ?" ಎಂದೆ ನಾನು.

"ಆ ಗೂಡಲ್ಲಿ ಈಗ ಕಡ್ಡಿ ಇರುತ್ತೆ, ಐದು ನಿಮಿಷ ಬಿಟ್ಟು ದಡೂತಿ ಬರ್ತಾನೆ. ಯಾರು ಬಂದರೂ ಹಿಡಿಸಬೇಕಲ್ಲಮ್ಮ" ಎಂದರು ಭಾವ. "ಅದೂ ಅಲ್ಲದೆ ಒಂದರ ಕೆಳಗೊಂದು ಎಂಟು ಸಾಲು. ಎಲ್ಲ ಒಂದೇ ಅಗಲ ಇದ್ದರೆ ಹೊತ್ತಿನ ಕೆಳಗೆ ಹೊತ್ತು, ನಂಬರಿನ ಕೆಳಗೆ ನಂಬರು ನೆಟ್ಟಗೆ ನಿಲ್ಲುತ್ತೆ. ಓಡಿಬಂದವನ ಕಣ್ಣು ಮೇಲಿಂದ ಕೆಳಗೆ ಜಾರಬೇಕು, ಎಲ್ಲೂ ಹುಡುಕಬಾರದು."

ಅಕ್ಷರಕ್ಕೆ ಬಾಲ, ಕೊಂಬು, ಕುಚ್ಚು ಯಾವುದೂ ಬೇಡ ಎಂದು ಅವರು ಮೊದಲೇ ಹಟ ಹಿಡಿದಿದ್ದರು. ದೂರದಿಂದ ನೋಡುವವನಿಗೆ ಅವೆಲ್ಲ ಬರೀ ಕಸ. ಬೋಳು ಗೆರೆ ಸಾಕು. ಆದರೆ ಒಂದು ಎಂಬ ಅಂಕಿ ಅಷ್ಟಗಲದ ಗೂಡಿನಲ್ಲಿ ಒಬ್ಬಂಟಿಯಾಗಿ ನಿಂತು ದಿಕ್ಕುಗೆಟ್ಟಂತೆ ಕಂಡಾಗ ಮನಸ್ಸು ಕರಗಿ ಅದರ ಕಾಲ ಕೆಳಗೊಂದು ಅಡ್ಡಪಟ್ಟಿ ಕೊಟ್ಟರು. ಕಡ್ಡಿ ಪೈಲ್ವಾನನಿಗೂ ಮೇಲೊಂದು ಕೆಳಗೊಂದು. ಎಂಟರ ಸೊಂಟ ಸರಿಯಾಗಿ ಎರಡು ಹಾಳೆಗಳ ನಡುವಿನ ಸೀಳಿಗೇ ಬಂದರೆ ದೂರದಿಂದ ಸೊನ್ನೆಯಾಗಿ ಕಾಣುತ್ತದೆಂದು ಸೊಂಟವನ್ನು ಸೀಳಿನಿಂದ ಕೊಂಚ ಮೇಲೆತ್ತಿದರು. ಮೂರರ ಬಾಯಿ ಅಗಲ ಮಾಡಿದರು. ಎರಡೇ ತಿಂಗಳಲ್ಲಿ ಅಕ್ಷರಗಳೆಲ್ಲ ತಯಾರಾದವು. ತೆಳ್ಳಗೆ, ನೆಟ್ಟಗೆ, ನೋಡಲು ಬಲು ಚೆಂದ. ಕಾರ್ಖಾನೆಯ ಯಜಮಾನರು ನೋಡಿ, "ಮೇಷ್ಟ್ರೇ, ಮುಗೀತು ಬಿಡಿ" ಎಂದರು.

"ಮನೇಲಿ ಒಂದ್ಸಲ ತೋರಿಸಿಬಿಡ್ತೀನಿ ಸ್ವಾಮಿ" ಎಂದು ಭಾವ ರಟ್ಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು.

ನಾನು ತಗುಲಿಸಿದೆ. ಅಕ್ಕ ಪಡಸಾಲೆಯ ತುದಿಯಲ್ಲಿ ನಿಂತಳು. ತುಂಬ ಹೊತ್ತು ನೋಡಿದಳು. "ಆರು ಸರಿಯಾಗಿ ಕಾಣ್ತಿಲ್ಲ ರೀ. ಕಲಸಿದ ಹಾಗಿದೆ. ಇನ್ನೊಂಚೂರು ದಪ್ಪ ಮಾಡಿದ್ರೆ ಆಗುತ್ತೇನೋ" ಎಂದಳು.

ಭಾವ ದಪ್ಪ ಮಾಡಿದರು. ಹದಿನೈದು ದಿನ ಬಿಟ್ಟು ಮತ್ತೆ ತಗುಲಿಸಿದೆ. ಈಗ ಆರು ಕಂಡಿತು, ಐದು ಕಾಣಲಿಲ್ಲ. ಮತ್ತೆ ದಪ್ಪ. ಮುಂದಿನ ತಿಂಗಳು ಆರೂ ಇಲ್ಲ, ಐದೂ ಇಲ್ಲ. ದಪ್ಪ ಮಾಡುವುದೆಂದರೆ ಗೆರೆಯ ಮೇಲೆ ಗೆರೆ ಎಳೆದುಕೊಂಡು ಹೋಗುವುದು ಎಂದು ನಾನು ತಿಳಿದಿದ್ದೆ. ಅದು ಹಾಗಲ್ಲ. ಹೊರಗಿನ ಅಗಲ ಕಟ್ಟಿಟ್ಟದ್ದು, ಆದ್ದರಿಂದ ದಪ್ಪವೆಲ್ಲ ಒಳಕ್ಕೇ ಬೆಳೆಯಬೇಕು. ಎಂಟರ ಹೊಟ್ಟೆಗಳು ಮುಚ್ಚಿಹೋಗುತ್ತವೆ. ಡಬ್ಲ್ಯು ಬರೀ ಬಿಳಿ ಗುಡ್ಡೆಯಾಗುತ್ತದೆ. ಭಾವ ಅದರ ನಡುಗಾಲುಗಳನ್ನು ಗಿಡ್ಡ ಮಾಡಿ, ಗೆರೆಗಳು ಸೇರುವ ಮೂಲೆಗಳಲ್ಲಿ ಅಕ್ಕಿಕಾಳಿನಷ್ಟು ಕಚ್ಚು ತೆಗೆದು ಕಪ್ಪು ಒಳಗೆ ಬರಲು ದಾರಿ ಬಿಟ್ಟರು. ಹತ್ತಿರದಿಂದ ನೋಡಿದರೆ ಇಲಿ ಕಡಿದ ಹಾಗಿತ್ತು. ದೂರದಿಂದ ಮೂಲೆ ಚೂಪಾಗಿ ಕಾಣುತ್ತಿತ್ತು. ಒಂದೊಂದು ಮೂಲೆಗೆ ಒಂದೊಂದು ಇಡೀ ದಿನ ಕೊಟ್ಟರು. ಆದರೂ ಅಕ್ಕನ ಹುಬ್ಬಿನ ಗಂಟು ಬಿಡಲಿಲ್ಲ.

ಹೀಗೆ ಎಂಟು ತಿಂಗಳು. ಭಾವ ಸಣ್ಣಗಾದರು, ಅಕ್ಷರ ದಪ್ಪಗಾಯಿತು. ನಾನು ಮೊದಮೊದಲು ತಮಾಷೆ ಮಾಡುತ್ತಿದ್ದೆ, ಆಮೇಲೆ ಬಿಟ್ಟೆ. ಫೋಟೋಗಳು ವಾಲಿದರೂ ಅವರು ಏಳುತ್ತಿರಲಿಲ್ಲ. ಒಂದು ಸಂಜೆ ಕೈವಾರ, ಸ್ಕೇಲು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಕಟ್ಟಿ ನನ್ನೆದುರಿಗಿಟ್ಟು, "ಇದನ್ನ ಮೇಲೆ ಎತ್ತಿಡಮ್ಮ. ಸೋಮವಾರ ಯಜಮಾನರಿಗೆ ಹೇಳ್ಬಿಡ್ತೀನಿ, ಬೇರೆ ಯಾರ ಕೈಲಾದ್ರೂ ಬರೆಸಿ ಅಂತ. ನಿಮ್ಮಕ್ಕನ ಕಣ್ಣಿಗೆ ಕಾಣದ್ದು ಇನ್ಯಾರ ಕಣ್ಣಿಗೆ ಕಾಣುತ್ತೆ? ನನ್ನ ಕೈ ಹೋಯ್ತು" ಎಂದರು.

ನಾನು ಗಂಟು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ನಿಂತಿದ್ದಳು. ಹಾಲು ಉಕ್ಕಿ ಹರಿಯುತ್ತಿತ್ತು, ಅವಳು ಅದನ್ನೇ ನೋಡುತ್ತಿದ್ದಳು, ಆದರೆ ಅವಳಿಗೆ ಕಾಣುತ್ತಿರಲಿಲ್ಲ.

"ಕೈ ಹೋಗಿಲ್ಲ ಅವರದ್ದು" ಎಂದಳು ಅಕ್ಕ ಮೆಲ್ಲಗೆ. "ಕಣ್ಣು ಹೋಗಿರೋದು ನಂದು."

ಕಾಜಾ ಹಾಕುವುದನ್ನು ಅವಳು ಬಿಟ್ಟು ಅರ್ಧ ವರ್ಷವಾಗಿತ್ತು. ಬೆರಳು ನೋವು ಎಂದಿದ್ದಳು, ನಾವು ನಂಬಿದ್ದೆವು. ಒಬ್ಬಳೇ ಕಣ್ಣಿನ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡೂ ಬಂದಿದ್ದಳು. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ, ನಡುವಿನ ನೋಟ ಮಬ್ಬಾಗುತ್ತಾ ಹೋಗುತ್ತದೆ, ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಎಂದಿದ್ದರಂತೆ ಡಾಕ್ಟರು.

"ಭಾವನಿಗೆ ಹೇಳು" ಎಂದೆ.

"ಹೇಳಿದ್ರೆ ನಾಳೆಯಿಂದ ನನ್ನ ಪಡಸಾಲೇಲಿ ನಿಲ್ಲಿಸ್ತಾರಾ? ಮೂಲೇಲಿ ಕೂರಿಸಿ ನೀರು ಬೇಕಾ ಅಂತ ಕೇಳ್ತಾರೆ." ಅವಳು ತಡವಿ ಒಲೆ ಆರಿಸಿದಳು. "ನಾನು ಅವರಿಗೆ ಕಣ್ಣಾಗೇ ಬಂದವಳು ಕಣೇ. ಅದೂ ಇಲ್ಲ ಅಂದ್ಮೇಲೆ ನಾನು ಯಾರು ಈ ಮನೇಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದಾಗ ಮನುಷ್ಯರು ಬುದ್ಧಿ ಕೆಟ್ಟ ಕೆಲಸ ಮಾಡುತ್ತಾರೆ. ನಾನೂ ಮಾಡಿದೆ. ರಟ್ಟು ತಗುಲಿಸುವವಳು ನಾನೇ ತಾನೆ? ಯಾವ ಸಾಲು ತಗುಲಿಸುತ್ತೇನೆ ಎಂದು ಅಡುಗೆಮನೆಯಲ್ಲಿ ಅವಳಿಗೆ ಮೊದಲೇ ಹೇಳಿಬಿಟ್ಟರೆ ಆಯಿತು. ಕೊನೆಯದಾಗಿ ಒಂದು ಸಲ ನೋಡೋಣ ಎಂದು ಭಾವನನ್ನು ಒಪ್ಪಿಸಿ, ಮರುದಿನ ಬೆಳಗ್ಗೆ ಟೀ ಸೋಸುವಾಗ ಅಕ್ಕನಿಗೆ ಐದು ಸಾಲು ಹೇಳಿದೆ. ಅಕ್ಕ ಬಾಯಿಪಾಠ ಮಾಡಿಕೊಂಡು ಪಡಸಾಲೆಯಲ್ಲಿ ನಿಂತು ಒಂದೂ ತಡವರಿಸದೆ ಓದಿದಳು.

ಭಾವ ಸ್ಟೂಲಿನಿಂದ ಎದ್ದು ನಿಂತರು. ಇನ್ನೊಂದು ಸಲ ತಗುಲಿಸಲು ಹೇಳಿದರು. ಅದನ್ನೂ ಓದಿದಳು. ಅವರು ಮಗುವಿನ ಹಾಗೆ ಕೈ ಕೈ ಉಜ್ಜಿಕೊಳ್ಳುತ್ತಾ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಅದನ್ನು ನೋಡಿ ನಾನು ದೊಡ್ಡ ಉಪಕಾರ ಮಾಡಿದೆನೆಂದು ಬೀಗಿದೆ. ಅಂದೇ ಅಕ್ಷರಗಳು ಅಷ್ಟು ದಪ್ಪದಲ್ಲೇ ಕಾರ್ಖಾನೆಗೆ ಹೋದವು.

ನಿಲ್ದಾಣದಲ್ಲಿ ಬೋರ್ಡು ನೋಡುವ ದಿನ ಬಂತು. ಬೆಳಗಿನ ಹತ್ತು ಗಂಟೆ. ಕಾರ್ಖಾನೆಯ ಯಜಮಾನರು, ನಿಲ್ದಾಣದ ದೊಡ್ಡ ಅಧಿಕಾರಿ, ಏಣಿಯ ಮೇಲೆ ಫಿಟ್ಟರು. "ಓದೋಕೆ ನಮ್ಮನೆಯವಳನ್ನ ಕರ್ಕೊಂಡು ಬಂದಿದ್ದೀನಿ" ಎಂದು ಭಾವ ಹೆಮ್ಮೆಯಿಂದ ಹೇಳಿದರು. ಅಕ್ಕ ಬೋರ್ಡಿನಿಂದ ಮೂವತ್ತು ಹೆಜ್ಜೆ ದೂರದ ಕಂಬದ ಪಕ್ಕ ನಿಂತಳು. ಬರುವ ಸಾಲುಗಳ ಪಟ್ಟಿಯನ್ನು ನಾನು ಫಿಟ್ಟರನ ಚೀಟಿಯಿಂದ ಹಿಂದಿನ ದಿನವೇ ನೋಡಿಕೊಂಡಿದ್ದೆ. ಅಕ್ಕನಿಗೆ ಬೆಳಗ್ಗೆ ಅಡುಗೆಮನೆಯಲ್ಲಿ ಹೇಳಿಯೂ ಆಗಿತ್ತು.

ಹಾಳೆಗಳು ಪಟಪಟನೆ ಮಗುಚಿ ನಿಂತವು. ಅಕ್ಕ ಗಟ್ಟಿಯಾಗಿ ಓದಿದಳು: "ನಲವತ್ತೇಳು, ಹತ್ತು ಇಪ್ಪತ್ತೈದು, ಎಂಟನೇ ಅಂಕಣ."

ಬೋರ್ಡಿನ ಮೇಲೆ ಇದ್ದದ್ದು ಅದಲ್ಲ. ಮೊದಲ ಸಾಲಿನ ಚಕ್ರವೊಂದು ಬಿಗಿಯಾಗಿತ್ತಂತೆ, ಫಿಟ್ಟರು ನಮಗೆ ಹೇಳದೆ ಮೂರನೇ ಸಾಲನ್ನು ಮೊದಲು ತಿರುಗಿಸಿಬಿಟ್ಟಿದ್ದ. ಗೇಣುದ್ದದ ಬಿಳಿ ಅಕ್ಷರದಲ್ಲಿ ಹನ್ನೆರಡು, ಹನ್ನೊಂದು ಐದು, ಮೂರನೇ ಅಂಕಣ ಎಂದು ಎಲ್ಲರ ಕಣ್ಣಿಗೂ ರಾಚುತ್ತಿತ್ತು. ಒಬ್ಬಳ ಕಣ್ಣಿಗೆ ಬಿಟ್ಟು. ಯಜಮಾನರು ಬೋರ್ಡು ನೋಡಿದರು, ಅಕ್ಕನನ್ನು ನೋಡಿದರು. ಅಧಿಕಾರಿ ಬಾಯಿ ತೆರೆದರು. ನನಗೆ ನೆಲ ಬಿರಿದು ಬಾಯ್ಬಿಡಬಾರದೇ ಅನ್ನಿಸಿತು. ಅಕ್ಕ ಮಾತ್ರ ಮುಖದಲ್ಲಿ ನಗು ಇಟ್ಟುಕೊಂಡು, ಪಾಸಾಯಿತೆಂದು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದಳು.

ಭಾವ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿದರು. ಮೂವತ್ತು ವರ್ಷ ಪಡಸಾಲೆಯಲ್ಲಿ ನೋಡಿದ ಮುಖ. ಆ ಒಂದು ಗಳಿಗೆಯಲ್ಲಿ ಅವರಿಗೆ ಎಲ್ಲ ತಿಳಿದುಹೋಯಿತು.

"ಅವಳು ಓದ್ತಾ ಇಲ್ಲ ಸ್ವಾಮಿ" ಎಂದರು ಯಜಮಾನರ ಕಡೆ ತಿರುಗಿ. "ಬರಬೇಕಾದ ಸಾಲು ಯಾವುದು ಅಂತ ಕೂಗ್ತಾ ಇದ್ದಾಳೆ. ಅದು ಬಂತಾ ಇಲ್ವಾ ಅಂತ ನೋಡಿಕೊಳ್ಳಬೇಕಾದವರು ನಾವು. ಬಂದಿಲ್ಲ. ನಿಮಗೆ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು." ಏಣಿಯ ಕಡೆ ಕತ್ತೆತ್ತಿ, "ಮೊದಲನೇದು ಹಾಕಪ್ಪ" ಎಂದರು.

ಒಂದು ಗೆರೆಯನ್ನೂ ಸೊಟ್ಟಗೆ ಎಳೆಯದ ಮನುಷ್ಯ ಹೆಂಡತಿಯ ಮಾನಕ್ಕಾಗಿ ನಿಂತ ನಿಲುವಿನಲ್ಲೇ ಒಂದು ಸುಳ್ಳು ಕಟ್ಟಿದರು. ಅದರಲ್ಲೂ ಸುಳ್ಳು ಎಷ್ಟಿತ್ತು? ಅವಳು ಓದುತ್ತಿಲ್ಲ ಎಂಬುದು ಸತ್ಯವೇ ಆಗಿತ್ತು. ಉಳಿದ ಸಾಲುಗಳನ್ನು ಯಜಮಾನರೇ ಓದಿದರು, ಅಧಿಕಾರಿ ತಲೆಯಾಡಿಸಿದರು, ಬೋರ್ಡಿಗೆ ಒಪ್ಪಿಗೆ ಸಿಕ್ಕಿತು. ಮನೆಗೆ ಬರುವಾಗ ರಸ್ತೆ ದಾಟುವಲ್ಲಿ ಭಾವ ಅಕ್ಕನ ಕೈ ಹಿಡಿದುಕೊಂಡರು. ಮದುವೆಯಾದಾಗಿನಿಂದ ಬೀದಿಯಲ್ಲಿ ಅವರು ಅವಳ ಕೈ ಹಿಡಿದದ್ದನ್ನು ನಾನು ನೋಡಿರಲಿಲ್ಲ.

ಬಾಗಿಲು ಹಾಕಿದ ಮೇಲೆ, "ಯಾವಾಗಿನಿಂದ?" ಎಂದರು.

"ನೀವು ಈ ಆರನ್ನ ಮೊದಲ ಸಲ ತೋರಿಸಿದಾಗಿನಿಂದ" ಎಂದಳು ಅಕ್ಕ.

ಭಾವ ಹೋಗಿ ಎಂಟು ತಿಂಗಳಲ್ಲಿ ಬರೆದ ರಟ್ಟುಗಳನ್ನೆಲ್ಲ ತಂದು ಪಡಸಾಲೆಯ ಉದ್ದಕ್ಕೂ ಸಾಲಾಗಿ ಹಾಸಿದರು. ಈ ತುದಿಯಲ್ಲಿ ಕಡ್ಡಿಯಂಥ ಆರು, ಆ ತುದಿಯಲ್ಲಿ ಬೆರಳಗಲದ ಗೆರೆಯ ಆರು. ನಡುವೆ ಹದಿನಾಲ್ಕು. ಒಂದೊಂದನ್ನೂ ನೋಡುತ್ತಾ ನಡೆದು ಹೋಗಿ ಕೊನೆಯದರ ಹತ್ತಿರ ಕುಕ್ಕರಿಸಿ ಕೂತರು. "ಅಕ್ಷರ ಸರಿ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ನಿನ್ನ ಕಣ್ಣು ಹೋಗ್ತಾ ಇರೋದನ್ನ ಬರೆದಿಡ್ತಾ ಇದ್ದೆ" ಎಂದು ಬಿಕ್ಕಿದರು. ಅಕ್ಕ ತಡವಿಕೊಂಡು ಹೋಗಿ ಪಕ್ಕದಲ್ಲಿ ಕೂತಳು. ನನ್ನನ್ನು ಅವರು ತಿರುಗಿಯೂ ನೋಡಲಿಲ್ಲ. ಆಮೇಲೆ ಹನ್ನೊಂದು ದಿನ ನನ್ನೊಡನೆ ಮಾತು ಬಿಟ್ಟರು, ಬಿಡಬೇಕಾದದ್ದೇ.

ಮರುದಿನ ಅವರು ಯಜಮಾನರ ಹತ್ತಿರ ಹೊರಟು ನಿಂತಾಗ ಮಾತ್ರ ನನಗೆ ತಡೆಯಲಾಗಲಿಲ್ಲ. "ಒಪ್ಪಿಗೆ ಆಗಿದೆಯಲ್ಲ, ಸುಮ್ನೆ ಇರಬಾರದಾ?" ಎಂದೆ. ಅವರು ಅಕ್ಕನಿಗೆ ಉತ್ತರ ಕೊಟ್ಟರು: "ಅಳತೆ ಕೋಲು ಸರಿ ಇರಲಿಲ್ಲ ಅಂತ ಗೊತ್ತಾದ್ಮೇಲೆ ಅಳೆದದ್ದನ್ನ ಸರಿ ಅನ್ನೋಕಾಗುತ್ತಾ?" ಅವಳ ಕಣ್ಣಿನ ವಿಷಯ ಅವರು ಯಜಮಾನರಿಗೆ ಹೇಳಲಿಲ್ಲ. ಅಕ್ಷರ ಇಷ್ಟು ದಪ್ಪ ಬೇಕೋ ಬೇಡವೋ ತನಗೇ ಅನುಮಾನವಿದೆ, ಮೊದಲು ಬರೆದ ತೆಳುವಾದದ್ದೇ ಸರಿಯಿದ್ದೀತು ಎಂದರಂತೆ. ಯಜಮಾನರು ತಲೆ ಚಚ್ಚಿಕೊಂಡರು. ಕೊನೆಗೆ ಮೂರು ದಿನ ಕೊಟ್ಟು, "ನಿಲ್ದಾಣದಲ್ಲೇ ಜನರ ಕೈಲಿ ಓದಿಸಿ ನೋಡಿ, ಮೇಷ್ಟ್ರೇ. ಜನ ಏನಂತಾರೋ ಅದೇ ಆಗಲಿ" ಎಂದರು.

ಭಾವ ಎರಡು ಪಟ್ಟಿಗಳನ್ನು ತಂದು ಬೋರ್ಡಿನ ಕೆಳಗೆ ತೂಗುಹಾಕಿದರು. ಒಂದು ತೆಳು, ಒಂದು ದಪ್ಪ, ಅಂಕಿಗಳು ಬೇರೆ ಬೇರೆ. ಓದಿಸಬೇಕಾದವರನ್ನು ಹುಡುಕಿಕೊಂಡು ಹೋಗುವ ಕಷ್ಟವಿರಲಿಲ್ಲ. ನನ್ನ ಕೌಂಟರಿಗೆ ಬಂದು ಕೇಳಿದವರನ್ನೆಲ್ಲ ಕಂಬದ ಪಕ್ಕ ನಿಲ್ಲಿಸಿ, "ಅಲ್ಲೇನಿದೆ, ಸ್ವಲ್ಪ ಓದ್ತೀರಾ?" ಎನ್ನುವುದು. ಮೂರು ದಿನಕ್ಕೆ ಇನ್ನೂರ ಹನ್ನೆರಡು ಮಂದಿ. ತೆಳುವಾದದ್ದನ್ನು ಓದಿದವರು ತೊಂಬತ್ತನಾಲ್ಕು ಜನ. ದಪ್ಪವನ್ನು ಓದಿದವರು ನೂರ ಎಪ್ಪತ್ತೊಂದು.

ಆ ಮೂರು ದಿನ ನಾನು ಕೌಂಟರಿನ ಕಿಂಡಿಯಿಂದ ನೋಡುತ್ತಾ ಕೂತಿದ್ದೆ. ಕಣ್ಣು ಕಿರಿದು ಮಾಡಿ, ಕತ್ತು ಚಾಚಿ, ಹಣೆಗೆ ಅಂಗೈ ಅಡ್ಡ ಹಿಡಿದು ನೋಡುವ ಜನ. ಒಬ್ಬ ದೊಡ್ಡ ಮನುಷ್ಯರು ತೆಳುವಿನ ಮುಂದೆ ಬಹಳ ಹೊತ್ತು ನಿಂತು, "ಕನ್ನಡಕ ಮರೆತು ಬಂದೆ" ಎಂದು ನಕ್ಕರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಒಬ್ಬ ಹೆಂಗಸು ಏನೂ ಕಾಣದಿದ್ದರೂ ಧೈರ್ಯವಾಗಿ ಒಂದು ನಂಬರು ಹೇಳಿದಳು, ಥೇಟ್ ನಮ್ಮಕ್ಕನ ಹಾಗೆ, ಮುಖದ ಮೇಲೆ ಅದೇ ನಗು. ಇಪ್ಪತ್ತು ವರ್ಷ ನನ್ನ ಕೌಂಟರಿಗೆ ಬಂದು ಕೇಳುತ್ತಿದ್ದವರು ಸೋಮಾರಿಗಳಲ್ಲ, ದಡ್ಡರಲ್ಲ. ಅವರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿಲ್ಲ ಎನ್ನಲು ನಾಚಿಕೆಯಾಗಿ ಬಂದು ಕೇಳುತ್ತಿದ್ದರು, ನಾನು ಕಿಂಡಿಯೊಳಗೆ ಕೂತು ಕಣ್ಣಿಲ್ವಾ ಎನ್ನುತ್ತಿದ್ದೆ. ಮೂರನೇ ದಿನ ಮಧ್ಯಾಹ್ನ ಕಿಂಡಿ ಮುಚ್ಚಿ ಒಳಗೆ ಅತ್ತೆ.

ದಪ್ಪ ಅಕ್ಷರವೇ ಉಳಿಯಿತು. ಯಜಮಾನರಿಗೆ ಸಂತೋಷ, ನಿಲ್ದಾಣದವರಿಗೂ ಸಂತೋಷ. ಭಾವನಿಗೆ ಸಂತೋಷವಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಲೆಕ್ಕ ಬರೆದ ಹಾಳೆಯನ್ನು ಮನೆಗೆ ತಂದು, "ನೂರ ಎಪ್ಪತ್ತೊಂದು ಜನಕ್ಕೆ ನಿನ್ನ ಕಣ್ಣೇ ಬೇಕಾಗಿತ್ತು" ಎಂದು ಅಕ್ಕನಿಗೆ ಓದಿ ಹೇಳಿದರು. ಆಮೇಲೆ ಆ ಅಕ್ಷರ ಎಲ್ಲೆಲ್ಲಿಗೋ ಹೋಯಿತು. ಆಸ್ಪತ್ರೆಯ ಟೋಕನ್ ಬೋರ್ಡಿಗೆ, ನೀರಿನ ಮೀಟರಿನ ಮುಖಕ್ಕೆ, ಟಿಕೆಟ್ಟಿನ ಮೇಲೆ, ತೂಕದ ಯಂತ್ರಕ್ಕೆ, ಸಾಮಾನು ಇಡುವ ಬೀರುಗಳ ಬಾಗಿಲಿಗೆ. ಎಲ್ಲಿ ಅಂಕಿಯ ಕೆಳಗೆ ಅಂಕಿ ಅಲುಗಾಡದೆ ನಿಲ್ಲಬೇಕೋ, ಎಲ್ಲಿ ಅವಸರದಲ್ಲಿದ್ದವರು ದೂರದಿಂದ ನೋಡಬೇಕೋ ಅಲ್ಲೆಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಯಾವುದೋ ನಂಬರು ಕೊಟ್ಟಿದ್ದರು. ನಿಲ್ದಾಣದಲ್ಲಿ ನಾವು ಮೇಷ್ಟ್ರ ದಪ್ಪಕ್ಷರ ಎನ್ನುತ್ತಿದ್ದೆವು.

ಅಕ್ಕನ ಕಣ್ಣು ನಿಲ್ಲಲಿಲ್ಲ. ಎರಡು ವರ್ಷದಲ್ಲಿ ದಪ್ಪಕ್ಷರವೂ ಮಬ್ಬಾಯಿತು, ಇನ್ನೊಂದು ವರ್ಷಕ್ಕೆ ಪಡಸಾಲೆಯ ಆ ತುದಿಯ ಗೋಡೆಯೇ ಇಲ್ಲವಾಯಿತು. ಅವಳು ಹೆದರಿದ್ದಂತೆ ಭಾವ ಅವಳನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಒಂದು ವಾರ ಬಾಗಿಲು ಹಾಕಿಕೊಂಡು ಮರದ ತುಂಡುಗಳಲ್ಲಿ ಅದೇ ಅಕ್ಷರಗಳನ್ನು ಉಬ್ಬಾಗಿ ಕೊರೆದರು. ಎಲ್ಲ ತುಂಡುಗಳೂ ಒಂದೇ ಅಗಲ, ಎರಡು ಬೆರಳು. ಅಗಲ ಒಂದೇ ಇದ್ದರೆ ಮುಂದಿನ ಅಕ್ಷರ ಎಲ್ಲಿ ಶುರುವಾಗುತ್ತದೆಂದು ಬೆರಳು ತಡಕಾಡಬೇಕಾಗಿಲ್ಲ, ಎರಡು ಬೆರಳಷ್ಟು ಸರಿದರೆ ಮುಂದಿನದು ಅಲ್ಲೇ ಇರುತ್ತದೆ. ಕಾಜಾ ಹಾಕಿ ಹಾಕಿ ಪಳಗಿದ ಬೆರಳುಗಳು. ಮೂಲೆಗಳಲ್ಲಿ ಅಕ್ಕಿಕಾಳಿನಷ್ಟು ತೆಗೆದ ಕಚ್ಚುಗಳನ್ನೂ ಅವು ಗುರುತು ಹಿಡಿದವು. "ಇದು ಎಂಟು. ಸೊಂಟ ಮೇಲಿದೆ" ಎಂದಳು ಮೊದಲ ದಿನವೇ.

ಈಗ ಪ್ರತಿ ಭಾನುವಾರ ಬೆಳಗ್ಗೆ ಪಡಸಾಲೆಯಲ್ಲಿ ಪರೀಕ್ಷೆ ನಡೆಯುತ್ತದೆ. ಭಾವ ತುಂಡುಗಳನ್ನು ಚೀಲದಲ್ಲಿ ಕುಲುಕಿ, ನನಗೂ ತೋರಿಸದೆ ಹಲಗೆಯ ಮೇಲೆ ಐದನ್ನು ಜೋಡಿಸಿ ಅವಳ ಮಡಿಲಲ್ಲಿ ಇಡುತ್ತಾರೆ. ಸ್ಟೂಲಿನ ಮೇಲೆ ಕೂತು ಅವಳ ಮುಖ ನೋಡುತ್ತಾರೆ. ಕಳೆದ ವಾರವೂ ಇಟ್ಟರು. ಅಕ್ಕ ಒಂದೊಂದರ ಮೇಲೂ ಬೆರಳಾಡಿಸಿ, ಹುಬ್ಬು ಗಂಟಿಕ್ಕದೆ ಐದನ್ನೂ ಓದಿ, ಸೆರಗು ಸರಿಮಾಡಿಕೊಂಡಳು. ಅಡುಗೆಮನೆಯಲ್ಲಿ ನಾನು ಅವಳಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.